ನಕ್ಷೆಯಲ್ಲಿ ಇಲ್ಲದ ದಾರಿ

ಆ ಶನಿವಾರ ಬೆಳಿಗ್ಗೆ ಸಿಫುವೇಲಿಯ ಗ್ರಹಚಾರ ಮಾಂಸದ ಪೊಟ್ಟಣದ ರೂಪದಲ್ಲಿ ಮನೆಗೆ ಬಂತು.

ಸರ್ಕಾರ ಪ್ಲಾಸ್ಟಿಕ್ ಚೀಲ ನಿಷೇಧಿಸಿದ ಮೇಲೆ ಕಟುಕ ಮುಷಿ ಕೈಗೆ ಸಿಕ್ಕ ಕಾಗದದಲ್ಲೆಲ್ಲ ಮಾಂಸ ಕಟ್ಟಿಕೊಡುತ್ತಿದ್ದ. ಹಳೆಯ ಪತ್ರಿಕೆಗಳು ಮುಗಿದವು, ಸಿಮೆಂಟ್ ಚೀಲದ ಕಾಗದವೂ ಮುಗಿಯಿತು. ಈಚೆಗೆ, ಪಾಳುಬಿದ್ದ ಕಾಫಿ ಗೋದಾಮನ್ನು ಯಾರೋ ಗುಡಿಸುವಾಗ ಸಿಕ್ಕಿದ ದಪ್ಪ ಕಾಗದದ ದೊಡ್ಡ ಕಟ್ಟೊಂದು ಅವನ ಅಂಗಡಿ ಸೇರಿತ್ತು. ಒಂದೊಂದು ಹಾಳೆಯೂ ಹಾಸಿಗೆಯಷ್ಟು ಅಗಲ. ಮುಷಿ ಅವನ್ನು ಮಾಂಸ ಕಡಿಯುವ ಕತ್ತಿಯಲ್ಲೇ ನಾಲ್ಕು ತುಂಡು ಮಾಡಿ ಮೊಳೆಗೆ ಸಿಕ್ಕಿಸಿದ್ದ.

ಸಿಫುವೇಲಿಯ ಹೆಂಡತಿ ಹೈಕಾ ಮಾಂಸವನ್ನು ಪಾತ್ರೆಗೆ ಸುರಿದು, ಕಾಗದವನ್ನು ಮುದುರಿ ಒಲೆಗೆ ಹಾಕಲು ಹೊರಟಳು. ಅಷ್ಟರಲ್ಲಿ ಸಿಫುವೇಲಿಯ ಕಣ್ಣಿಗೆ ಒಂದು ಶಿಲುಬೆಯ ಗುರುತು ಬಿತ್ತು. ಅದರ ಪಕ್ಕದಲ್ಲೇ ಅವನ ಊರಿನ ಹೆಸರು!

"ತಡಿ ತಡಿ, ಸುಡಬೇಡ! ಇದು ನಮ್ಮೂರು ಕಣೇ!"

"ನಮ್ಮೂರನ್ನ ಸುಟ್ರೂ ಪರವಾಗಿಲ್ಲ, ಒಲೆ ಹತ್ತಿದ್ರೆ ಸಾಕು ನಂಗೆ. ಮಧ್ಯಾಹ್ನ ಬೀಗರು ಬರ್ತಾರೆ, ನೆನಪಿದೆಯಾ?"

ನೆನಪಿರದೆ ಏನು! ಮೂರು ದಿನದಿಂದ ಅವನಿಗೆ ಅದೇ ಚಿಂತೆ. ಮಗಳು ಉಪೇಂದೊಳನ್ನು ಕೇಳಿಕೊಂಡು ಕೆಳಗಿನ ಊರಿನ ಲೇಮಾ ಮನೆಯವರು ಬರುವವರಿದ್ದರು. ಹಿಂದೊಮ್ಮೆ ಬೇರೆ ಗುಡ್ಡದ ಕಡೆಯವರು ಹೀಗೇ ಬಂದಿದ್ದರು. ಬಾಳೆಹಣ್ಣಿನ ಕಳ್ಳು, ಅಂದರೆ ಎಂಬೆಗೆ, ಅರ್ಧ ಕುಡಿದಿದ್ದರು. ಮಾತು ಇನ್ನೇನು ಕೂಡಬೇಕು, ಆಗ ಅಂಗಳದ ಮುಂದಿನ ದಾರಿಯಲ್ಲಿ ಪಕ್ಕದ ಮನೆಯ ಕ್ವೇಕಾ ಹಾದುಹೋಗಿದ್ದ. ಸುಮ್ಮನೆ ಹಾದುಹೋಗುವ ಅಭ್ಯಾಸ ಕ್ವೇಕಾನಿಗಿಲ್ಲ. ಬಗ್ಗಿ ಒಳಗೆ ನೋಡಿ, "ಓಹೋ, ನೆಂಟ್ರಾ? ಒಳ್ಳೇದಾಯ್ತು. ಬಸ್ ಕಂಡಕ್ಟರ್‌ಗೆ ಛತ್ರೀಲಿ ಬಾರಿಸಿದ್ಲಲ್ಲ, ಅದೇ ಹುಡುಗಿ ಇವ್ಳು" ಎಂದು ಪರಿಚಯ ಮಾಡಿಸಿಕೊಟ್ಟಿದ್ದ. ನೆಂಟರು ಉಳಿದರ್ಧ ಕುಡಿಯದೆ ಎದ್ದಿದ್ದರು.

ಆ ದಾರಿಯೇ ಸಿಫುವೇಲಿಯ ಪಾಲಿನ ಶನಿ. ಅವನ ಬಾಳೆ–ಕಾಫಿ ತೋಟವನ್ನು ಎರಡು ಭಾಗ ಮಾಡಿ, ಅಡುಗೆಮನೆಯ ಬಾಗಿಲಿಗೆ ಉಜ್ಜಿಕೊಂಡೇ ಅದು ಹೋಗುತ್ತಿತ್ತು. ಚರ್ಚಿಗೆ, ಸಂತೆಗೆ, ಮುಷಿಯ ಅಂಗಡಿಗೆ, ಎಲ್ಲಕ್ಕೂ ಊರಿಗೆ ಅದೇ ಹತ್ತಿರದ ದಾರಿ. ಎಷ್ಟು ತಲೆಮಾರಿನ ಕಾಲು ತುಳಿದಿತ್ತೋ ಏನೋ, ನೆಲ ಮೊಣಕಾಲಿನ ಆಳಕ್ಕೆ ತಗ್ಗಾಗಿ ದೋಣಿಯಂತಾಗಿತ್ತು. ಹಾದುಹೋಗುವವರೆಲ್ಲ ಪಾತ್ರೆಯ ಮುಚ್ಚಳ ತೆಗೆದು ನೋಡುವವರೇ. ಕ್ವೇಕಾ ಅಂತೂ ಸೌಟಿನಲ್ಲಿ ತೆಗೆದು ರುಚಿ ನೋಡಿ, "ಉಪ್ಪು ಕಮ್ಮಿ" ಎಂದು ತೀರ್ಪು ಕೊಡದೆ ಮುಂದೆ ಹೋದವನಲ್ಲ.

ಸಿಫುವೇಲಿ ಕಾಗದವನ್ನು ನೆಲದ ಮೇಲೆ ಹರಡಿ ನಾಲ್ಕು ಮೂಲೆಗೂ ಆಲೂಗಡ್ಡೆ ಇಟ್ಟ. ಬಿಳಿಯರ ಕಾಲದಲ್ಲಿ ವಿಮಾನದಿಂದ ಫೋಟೋ ಹಿಡಿದು ಬರೆಸಿದ ನಕ್ಷೆ ಅದು. ಚರ್ಚು, ಕಿಕಾಫು ಹೊಳೆ, ಸಂತೆಮಾಳ ಎಲ್ಲವೂ ಇದ್ದವು. ಚರ್ಚಿನಿಂದ ಸಂತೆಗೆ ಹೊರಟ ಒಂದು ಚುಕ್ಕಿ ಗೆರೆಯ ಮೇಲೆ ಅವನು ಬೆರಳಿಟ್ಟು ನಡೆಸಿದ. ಬೆರಳು ಇಳಿಯಿತು, ತಿರುಗಿತು. ಅವನ ತೋಟದ ಹತ್ತಿರ ಬಂತು. ತೋಟದೊಳಕ್ಕೆ ಬರಲಿಲ್ಲ! ಎಡಕ್ಕೆ ಹೊರಳಿ ಸೀದಾ ಕ್ವೇಕಾನ ಮನೆಯ ಅಂಗಳದಲ್ಲಿ ಹಾದುಹೋಯಿತು.

ಅವನ ತೋಟವಿದ್ದ ಮೂಲೆಗೆಲ್ಲ ಮಾಂಸದ ರಕ್ತ ಹರಡಿ ಕಂದುಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಚುಕ್ಕಿಯಂತೂ ಒಂದೂ ಕಾಣಲಿಲ್ಲ. ಸಿಫುವೇಲಿಗೆ ಬೇಕಾದದ್ದೂ ಅಷ್ಟೇ.

"ಉಪೇಂದೊ ಅಮ್ಮಾ, ದೇವ್ರಿದಾನೆ ಕಣೇ! ದಾರಿ ನಮ್ದಲ್ಲ, ಕ್ವೇಕಾಂದು! ಮಧ್ಯಾಹ್ನದೊಳಗೆ ಮುಚ್ಚಿಬಿಡ್ತೀನಿ."

"ಉಪೇಂದೊ ಅಪ್ಪಾ, ಇವತ್ತೊಂದು ದಿನ ಸುಮ್ನಿರಿ. ಹೇನು ಹೆಕ್ಕೋಕೆ ಹೋಗಿ ತಲೆ ಬೋಳಿಸ್ಕೋಬೇಡಿ."

ಅವನು ಸುಮ್ಮನಿರಲಿಲ್ಲ. ಬೇಲಿಯಿಂದ ಇಸಾಲೆಯ ಕೊಂಬೆಗಳನ್ನು ಕಡಿದು ತಂದು ದಾರಿಯ ಬಾಯಿಗೆ ಅಡ್ಡಲಾಗಿ ನೆಡತೊಡಗಿದ. ನೆಟ್ಟ ಇಸಾಲೆಯನ್ನು ನಮ್ಮಲ್ಲಿ ಯಾರೂ ಬುಡಸಮೇತ ಕೀಳುವುದಿಲ್ಲ, ದಾಟುವುದೂ ಇಲ್ಲ. ತಂತಿಬೇಲಿ ಕತ್ತರಿಸುವ ಕಳ್ಳ ಕೂಡ ಆ ಉದ್ದೆಲೆಯ ಗಿಡದ ಮುಂದೆ ಟೋಪಿ ತೆಗೆದು ಸುತ್ತು ಹಾಕಿ ಹೋಗುತ್ತಾನೆ.

ಮೊದಲು ಬಂದವನು ಕ್ವೇಕಾನೇ. ಹಿಂದೆ ಅವನ ನಾಯಿ.

"ಏನೋ ಇದು? ನಡುದಾರೀಲಿ ಗಿಡ ನೆಡ್ತಿದೀಯ? ಬೀಗರು ಬರೋ ಖುಷೀಲಿ ತಲೆ ಕೆಟ್ಟಿತಾ?"

"ಇದು ದಾರಿಯಲ್ಲಣ್ಣ, ನನ್ನ ತೋಟ. ದಾರಿ ಇರೋದು ನಿನ್ನ ಅಡುಗೆಮನೆಗೂ ಹಂದಿಗೂಡಿಗೂ ಮಧ್ಯೆ. ನೋಡು, ಸರ್ಕಾರವೇ ಬರೆದಿದೆ."

ಕ್ವೇಕಾ ಕಾಗದವನ್ನು ಮೂಸಿದ. "ಸರ್ಕಾರ ಎಲ್ಲಿ ಬರೆದಿದೆಯೋ? ಇದು ಮುಷಿ ಅಂಗಡಿ ವಾಸನೆ."

ಇಬ್ಬರ ದನಿ ಏರಿದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಜನ ಸೇರಿದರು. ಹೇಗೂ ಅದೇ ದಾರಿಯಲ್ಲಿ ಬರುವವರು ತಾನೇ! ಊರಿನ ಕಾಲುವೆ ಸಮಿತಿಯ ಅಧ್ಯಕ್ಷರಾದ ಉರಾಸಾ ಮೇಷ್ಟ್ರು ಬಂದರು. ಊರಿಗೆಲ್ಲ ಹಿರಿಯಳಾದ ಅನ್ಸಿಲಾ ಅಜ್ಜಿ ಕೋಲೂರಿಕೊಂಡು ಬಂದಳು. ಎಲ್ಲರೂ ನಕ್ಷೆಯ ಸುತ್ತ ಕುಕ್ಕರುಗಾಲಲ್ಲಿ ಕೂತರು.

"ಅಬ್ಬಬ್ಬಾ, ಎಷ್ಟು ದಾರಿಗಳಿದ್ವಪ್ಪ ಆಗ!" ಎಂದನೊಬ್ಬ, ಗುಡ್ಡದ ಸುತ್ತ ಸುರುಳಿ ಸುತ್ತಿದ ಕಂದು ಗೆರೆಗಳನ್ನು ತೋರಿಸಿ.

"ದಾರಿಯಲ್ಲಪ್ಪ, ಅದು ಎತ್ತರದ ಗೆರೆ" ಎಂದು ಮೇಷ್ಟ್ರು ಕನ್ನಡಕ ಏರಿಸಿದರು. "ಒಂದೇ ಗೆರೆ ಮೇಲಿರೋ ಮನೆಗಳೆಲ್ಲ ಒಂದೇ ಎತ್ತರದಲ್ಲಿವೆ ಅಂತ ಅರ್ಥ. ಈಗ ನೋಡಿ, ಕ್ವೇಕಾನ ಮನೆ ಈ ಗೆರೇಲಿದೆ. ಸಿಫುವೇಲಿದು ಒಂದು ಗೆರೆ ಕೆಳಗೆ."

"ಅದನ್ನೇ ನಾನು ಮೊದ್ಲಿಂದ ಹೇಳ್ತಿರೋದು" ಎಂದ ಕ್ವೇಕಾ. "ನಾನು ಇವ್ನಿಗಿಂತ ಮೇಲಿನವನು ಅಂತ."

"ನಿನಗಿಂತ ನಿನ್ನ ಹಂದಿ ಇನ್ನೂ ಒಂದು ಗೆರೆ ಮೇಲಿದೆ, ನೋಡ್ಕೋ" ಎಂದ ಸಿಫುವೇಲಿ.

ನಗುವಿನ ನಡುವೆ ಅನ್ಸಿಲಾ ಅಜ್ಜಿ ಕೋಲಿನಿಂದ ದಾರಿಯ ತಗ್ಗನ್ನು ತಟ್ಟಿದಳು. "ಇಲ್ಲೇ ನಮ್ಮಮ್ಮ ನನ್ನ ತಲೆ ತೊಳೀತಿದ್ಲು. ಕಣ್ಣೆಲ್ಲಾ ಉರೀತಿತ್ತು."

"ದಾರೀಲಿ ಯಾರಜ್ಜಿ ತಲೆ ತೊಳೀತಾರೆ? ಬಾ, ಈ ಕಲ್ಲಿನ ಮೇಲೆ ಕೂತ್ಕೋ" ಎಂದು ಅವಳನ್ನು ಕೂರಿಸಿದರು. ಅಜ್ಜಿ ಗೊಣಗುತ್ತಾ ಕೂತಳು.

ಕ್ವೇಕಾ ಸುಲಭಕ್ಕೆ ಸೋಲುವವನಲ್ಲ. "ಮೇಷ್ಟ್ರೇ, ಈ ಚುಕ್ಕಿ ದಾರೀನೇ ಅಂತ ಯಾರು ಹೇಳಿದ್ದು? ಇರುವೆ ಸಾಲು ಇರಬಹುದು. ಬರೆಯೋವಾಗ ಬಿಳಿಯನ ಕೈ ನಡುಗಿರಬಹುದು."

ಮೇಷ್ಟ್ರು ತಲೆದೂಗಿದರು. "ಮಾತು ನ್ಯಾಯವಾದದ್ದೇ. ಯಾವ ಗುರುತಿಗೆ ಏನರ್ಥ ಅಂತ ಹಾಳೆಯ ಕೆಳಗೆ ಅಚ್ಚಾಗಿರುತ್ತೆ. ಆ ತುಂಡು ಇದ್ರಲ್ಲಿಲ್ಲ. ಮುಷಿ ಹತ್ರ ಇರಬೇಕು."

ಊರಿಗೆ ಊರೇ ಮುಷಿಯ ಅಂಗಡಿಗೆ ಓಡಿತು.

"ಕಾಗದ ಮಾರೋಕೆ ನಾನೇನು ಪುಸ್ತಕದಂಗಡಿ ಇಟ್ಟಿದೀನಾ?" ಎಂದ ಮುಷಿ ಕತ್ತಿ ಮಸೆಯುತ್ತ. "ಮಾಂಸ ತಗೊಂಡೋರಿಗೆ ಕಾಗದ. ಯಾವ ತುಂಡು ಬರುತ್ತೋ ಅದು ನಿಮ್ಮ ಅದೃಷ್ಟ."

ಹಬ್ಬಕ್ಕೊಮ್ಮೆ ಮಾಂಸ ಕಾಣುವ ಮನೆಗಳಲ್ಲೂ ಅವತ್ತು ಮಾಂಸ ಬೇಯುವ ಕಾಲ ಬಂತು. ಒಬ್ಬನಿಗೆ ಬರೀ ಬಯಲು ಸಿಕ್ಕಿತು; ಅವನು ಬೋಟಿ ಹಿಡಿದುಕೊಂಡು, ಇದರಲ್ಲಿ ಒಂದು ಮನೆಯೂ ಇಲ್ಲವಲ್ಲ ಎಂದು ಜಗಳಕ್ಕೆ ನಿಂತ. ಒಬ್ಬಳಿಗೆ ಯಾವುದೋ ಕೆರೆಯ ಮೂಲೆ, ಇನ್ನೊಬ್ಬಳಿಗೆ ಉತ್ತರ ದಿಕ್ಕು ತೋರಿಸುವ ಬಾಣವೊಂದೇ. ಅವಳು ಎಲುಬನ್ನು ವಾಪಸ್ಸು ಕೊಟ್ಟು ಬೇರೆ ದಿಕ್ಕು ಕೇಳಿದಳು. ಮುಷಿ ಕೊಡಲಿಲ್ಲ. ಅಂಗಡಿಯಲ್ಲಿ ಕೊಂಬು ಗೊರಸು ಬಿಟ್ಟು ಬೇರೇನೂ ಉಳಿಯದಾದಾಗ, ಕೊನೆಯ ತುಂಡು ಲಿವರ್ ಕ್ವೇಕಾನ ಕೈಗೆ ಬಂತು. ಅದಕ್ಕೆ ಸುತ್ತಿದ್ದ ಕಾಗದದಲ್ಲಿ ಗುರುತುಗಳ ಪಟ್ಟಿ ಇತ್ತು.

ಕ್ವೇಕಾ ದಾರಿಯುದ್ದಕ್ಕೂ ಅದನ್ನು ಬಿಚ್ಚಲಿಲ್ಲ. ವಾಪಸ್ಸು ಬಂದ ಮೇಲೆ ಮೇಷ್ಟ್ರೇ ಬಿಡಿಸಿ ಓದಿದರು. "ಚುಕ್ಕಿ ಗೆರೆ: ಕಾಲುದಾರಿ."

ಸಿಫುವೇಲಿ ಆಕಾಶಕ್ಕೆ ಮೂರೇ ಗೇಣು ಎನ್ನುವಂತಾದ. ಕ್ವೇಕಾನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಗಂಡನಿಗೆ, "ಹೋಗಿ, ನಾಳೆಯಿಂದ ಊರೆಲ್ಲಾ ನನ್ನ ಪಾತ್ರೆ ಮುಚ್ಚಳ ತೆಗೀಲಿ. ನೀವು ಇನ್ನೊಬ್ರ ಮನೇಲಿ ಉಪ್ಪು ನೋಡ್ತಾ ತಿರುಗಿದ್ದಕ್ಕೆ ಆಗಬೇಕಾದ್ದೇ" ಎಂದಳು. ಕ್ವೇಕಾ ಲಿವರನ್ನು ಎದೆಗವಚಿಕೊಂಡು ನಿಂತಿದ್ದ. ನೋಡಿದರೆ ಪಾಪ ಅನ್ನಿಸುವಂತಿತ್ತು.

ಗೆದ್ದವನು ಅಲ್ಲಿಗೆ ಸುಮ್ಮನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸಿಫುವೇಲಿಗೆ ಜೀವಮಾನದಲ್ಲಿ ಮೊದಲ ಸಲ ಊರು ಕಿವಿಗೊಟ್ಟಿತ್ತು. ಮೇಷ್ಟ್ರು, "ಪೂರ್ತಿ ಮುಚ್ಚೋದು ಯಾಕಪ್ಪ, ಚರ್ಚಿಗೆ ಹೋಗೋರಿಗಾದ್ರೂ ಬಿಡು" ಎಂದರೆ ಅವನು ಕೇಳಲಿಲ್ಲ. ಹೈಕಾ ಅಂಗಿ ಹಿಡಿದು ಎಳೆದರೂ ನಿಲ್ಲಲಿಲ್ಲ. ನೆಟ್ಟ ಇಸಾಲೆಯ ಮೇಲೆ ಕೈಯಿಟ್ಟು ಗಂಟಲು ಸರಿಮಾಡಿಕೊಂಡ.

"ಎಲ್ರೂ ಕೇಳಿ. ನಕ್ಷೇಲಿ ಏನಿದೆಯೋ ಅದೇ ಆಗ್ಲಿ. ಅದಕ್ಕಿಂತ ಹೆಚ್ಚೂ ಬೇಡ, ಕಮ್ಮೀನೂ ಬೇಡ. ಇಸಾಲೆ ಮುಟ್ಟಿ ಹೇಳ್ತಿದೀನಿ. ನೀವೂ ಮುಟ್ಟಿ!"

ಇಸಾಲೆ ಮುಟ್ಟಿ ಆಡಿದ ಮಾತನ್ನು ಸತ್ತ ಮೇಲೂ ಹಿಂತೆಗೆದುಕೊಳ್ಳುವಂತಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಮುಟ್ಟಿದರು. ಕ್ವೇಕಾ ಕೂಡ ಒಂದು ಕೈಯಲ್ಲಿ ಲಿವರ್ ಹಿಡಿದು ಇನ್ನೊಂದು ಕೈಯಲ್ಲಿ ಮುಟ್ಟಿದ. ಮುಟ್ಟದೆ ಉಳಿದದ್ದು ಅವನ ನಾಯಿ ಮಾತ್ರ.

ಆ ನಾಯಿಗೆ ಮಾಂಸದ ವಾಸನೆ ಬೆಳಗಿನಿಂದಲೂ ಮೂಗಿಗೆ ಬಡಿಯುತ್ತಿತ್ತು. ಎಲ್ಲರೂ ಪ್ರಮಾಣದಲ್ಲಿ ಮುಳುಗಿದ್ದಾಗ ಅದು ಮೆಲ್ಲಗೆ ನಕ್ಷೆಯ ಹತ್ತಿರ ಹೋಯಿತು. ರಕ್ತ ಹರಡಿದ್ದ ಮೂಲೆಯನ್ನು ಬಹಳ ಶ್ರದ್ಧೆಯಿಂದ, ಮೇಲಿನಿಂದ ಕೆಳಕ್ಕೆ ನೆಕ್ಕಲು ಶುರುಮಾಡಿತು.

"ಏಯ್! ನನ್ನ ದಾಖಲೆ!" ಸಿಫುವೇಲಿ ಕಿರುಚಿಕೊಂಡು ಓಡಿದ. ನಾಯಿ ಕೊನೆಯದಾಗಿ ಒಮ್ಮೆ ನೆಕ್ಕಿ ಪರಾರಿಯಾಯಿತು. ಮೇಷ್ಟ್ರು ಒದ್ದೆ ಕಾಗದವನ್ನು ಎತ್ತಿ ಬಿಸಿಲಿಗೆ ಹಿಡಿದರು.

ರಕ್ತದ ಕಲೆ ಹೋಗಿ ಕಾಗದ ತೊಳೆದ ಮುಖದಂತಾಗಿತ್ತು. ಕಿಕಾಫು ಹೊಳೆಯಿಂದ ಹೊರಟ ಒಂದು ನೀಲಿ ಗೆರೆ ಸಿಫುವೇಲಿಯ ತೋಟದ ನಟ್ಟನಡುವೆ, ಅಡುಗೆಮನೆಯ ಬಾಗಿಲಿಗೆ ಉಜ್ಜಿಕೊಂಡು, ಕೆಳಗಿನ ಊರಿನತ್ತ ಇಳಿದಿತ್ತು.

ಮೇಷ್ಟ್ರು ಲಿವರಿನ ಕಾಗದವನ್ನು ತೆಗೆದುಕೊಂಡರು. "ನೀಲಿ ಗೆರೆ, ಸಪೂರ: ನೀರಿನ ಕಾಲುವೆ." ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು, ಆ ವಯಸ್ಸಿನಲ್ಲಿ ಛಂಗನೆ ದಾರಿಯ ತಗ್ಗಿಗೆ ಹಾರಿದರು. "ಅಯ್ಯೋ ದೇವ್ರೇ! ಇದು ದಾರಿಯೇ ಅಲ್ಲ ಕಣ್ರಪ್ಪಾ! ಮಣ್ಣು ಕುಸಿದು ಮುಚ್ಚಿಹೋದ ಕಾಲುವೆ! ಸಮಿತಿಯವರು ವರ್ಷಗಟ್ಟಲೆ ಹುಡುಕಿದ್ದು ಇದನ್ನೇ. ನಾವು ಇದ್ರೊಳಗೇ ನಡ್ಕೊಂಡು ಹುಡುಕೋಕೆ ಹೋಗ್ತಿದ್ವಿ!"

"ನೋಡ್ರೋ ಮತ್ತೆ" ಎಂದಳು ಅನ್ಸಿಲಾ ಅಜ್ಜಿ ಕಲ್ಲಿನ ಮೇಲಿಂದ. "ಬೆಳಗಿಂದ ಬಡ್ಕೋತಾನೇ ಇದೀನಿ. ಒಣನೆಲದಲ್ಲಿ ತಲೆ ತೊಳೆಯೋಕೆ ನಮ್ಮಮ್ಮಂಗೇನು ಹುಚ್ಚೇ?"

ದಾರಿಯಾದರೆ ಮುಚ್ಚಬಹುದು. ಅಜ್ಜಂದಿರು ತೋಡಿದ ಕಾಲುವೆಯನ್ನು ಮುಚ್ಚುವ ಹಕ್ಕು ಈ ಬೆಟ್ಟದಲ್ಲಿ ಯಾರಿಗೂ ಇಲ್ಲ. ಅದು ಒಣಗಿದ್ದರೂ ಅಷ್ಟೇ, ಯಾರ ತೋಟದಲ್ಲಿದ್ದರೂ ಅಷ್ಟೇ. ಅದರ ಮೇಲೆ, ನಕ್ಷೆಯಲ್ಲಿರುವುದೇ ಆಗಲಿ ಎಂದು ಸಿಫುವೇಲಿಯೇ ಇಸಾಲೆ ಮುಟ್ಟಿ ಹೇಳಿದ್ದ. ಯಾರೂ ಹೇಳದೆಯೇ ಜನ ಮನೆಗೆ ಓಡಿ ಗುದ್ದಲಿ ಹಿಡಿದು ಬಂದರು.

"ನನ್ನ ಹೆಣದ ಮೇಲೆ ತೋಡಿ!" ಎಂದು ಸಿಫುವೇಲಿ ಕೈ ಅಗಲಿಸಿ ತಗ್ಗಿಗೆ ಅಡ್ಡ ನಿಂತ. "ಇವತ್ತು ನನ್ನ ಮಗಳ ಮಾತುಕತೆ ಇದೆ! ಇವತ್ತಾಗಲ್ಲ, ನಾಳೆಯೂ ಆಗಲ್ಲ!"

ಆಗ ಕ್ವೇಕಾ ಒಂದು ಕೆಲಸ ಮಾಡಿದ. ಸಿಫುವೇಲಿ ಬೆಳಿಗ್ಗೆ ತಾನೇ ನೆಟ್ಟಿದ್ದ ಇಸಾಲೆಯಿಂದ ಒಂದು ಎಲೆ ಕಿತ್ತ. ಅದಕ್ಕೆ ಗಂಟು ಹಾಕಿದ. ತಲೆ ಬಗ್ಗಿಸಿ ಎರಡೂ ಕೈಯಲ್ಲಿ ಸಿಫುವೇಲಿಗೆ ನೀಡಿದ.

"ತಮ್ಮಾ, ಇಷ್ಟು ವರ್ಷ ನಿನ್ನ ಪಾತ್ರೆಗೆ ಕೈ ಹಾಕಿದ್ದು, ಛತ್ರಿ ಮಾತು ಆಡಿದ್ದು, ಎಲ್ಲಾ ತಪ್ಪಾಯ್ತು. ಇಸಾಲೆ ಹಿಡಿದು ಕೇಳ್ಕೋತೀನಿ. ಕೋಪ ಬಿಡು, ಕಾಲುವೆಗೆ ಜಾಗ ಬಿಡು."

ಗಂಟು ಹಾಕಿದ ಇಸಾಲೆ ನೀಡಿ ಕೇಳಿದವನಿಗೆ ಇಲ್ಲವೆನ್ನುವುದು ನಮ್ಮಲ್ಲಿಲ್ಲ. ಅಪ್ಪನನ್ನು ಕೊಂದವನು ಹಿಡಿದು ಬಂದರೂ ಕ್ಷಮಿಸಬೇಕು. ಅಂಥದ್ದರಲ್ಲಿ ಇದು ಬರೀ ಉಪ್ಪಿನ ವಿಷಯ. ಊರೆಲ್ಲ ನೋಡುತ್ತಿತ್ತು. ಸಿಫುವೇಲಿ ತನ್ನ ಗಿಡದ ಎಲೆಯನ್ನು ತಾನೇ ತೆಗೆದುಕೊಂಡ. ಅವನ ಕಣ್ಣಲ್ಲಿ ನೀರು ಬಂದಿತ್ತು. ಕ್ಷಮೆಯ ಕಣ್ಣೀರು ಎಂದುಕೊಂಡು ಹೆಂಗಸರು ಉಲ್ಲಾಸದಿಂದ ಕೇಕೆ ಹಾಕಿದರು.

ಗುದ್ದಲಿಗಳು ಮೇಲೆದ್ದು ಇಳಿಯುತ್ತಿದ್ದಾಗಲೇ ತೋಟದ ಕೆಳಗಿನಿಂದ ಕೋಟು ತೊಟ್ಟ ಲೇಮಾ, ಅವನ ಹೆಂಡತಿ, ಮಗ, ತಲೆಯ ಮೇಲೆ ಎಂಬೆಗೆಯ ದೊಡ್ಡ ಮಡಕೆ ಹೊತ್ತ ನೆಂಟರು ಬಂದರು. ಸಿಫುವೇಲಿ ಸುತ್ತ ನೋಡಿದ. ಅಂಗಳದಲ್ಲಿ ಮಣ್ಣಿನ ಗುಡ್ಡೆ. ಬೀಗರಿಗೆಂದು ಬೇಯಿಸಿದ ಬಾಳೆಕಾಯಿ–ಮಾಂಸದ ಪಾತ್ರೆಯ ಸುತ್ತ ತೋಡಿ ಸುಸ್ತಾದವರ ಗುಂಪು. ಆ ಗುಂಪನ್ನು ಉಪೇಂದೊ ಸೌಟು ಎತ್ತಿಕೊಂಡು ಅಟ್ಟುತ್ತಿದ್ದಳು. "ಮುಚ್ಚಳ ಮುಟ್ಟಿದ್ರೆ ಬೆರಳು ಮುರೀತೀನಿ!"

"ಏನಿದು ಗದ್ದಲ?" ಎಂದ ಲೇಮಾ.

"ಕಾಲುವೆ ಸಿಕ್ತು ಸ್ವಾಮೀ!" ಎಂದ ಕ್ವೇಕಾ, ತಾನೇ ಹುಡುಗಿಯ ಅಪ್ಪ ಎನ್ನುವ ಹಾಗೆ ಮುಂದೆ ಬಂದು. "ನಿಮ್ಮೂರಿನ ಕಡೆ ಇಳಿಯೋ ಹಳೇ ಕಾಲುವೆ."

ಲೇಮಾನ ಬಾಯಿ ತೆರೆಯಿತು. "ನಮ್ಮಪ್ಪ ಸಾಯೋವಾಗಲೂ ಇದ್ರ ಮಾತೇ ಆಡ್ತಿದ್ರು! ಇದ್ರ ಕೊನೆ ನಮ್ಮ ತೋಟ ಅಲ್ವಾ!" ಅವನು ಕೋಟು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು ಗುದ್ದಲಿ ಕಸಿದುಕೊಂಡ. ತಗ್ಗಿಗಿಳಿಯುವ ಮೊದಲು ಉಪೇಂದೊಳ ಕಡೆಗೊಮ್ಮೆ ನೋಡಿದ. "ಇವ್ಳೇನಾ ಹುಡುಗಿ?"

ಸಿಫುವೇಲಿ ಕ್ವೇಕಾನ ಕಡೆ ತಿರುಗಿದ. ಕ್ವೇಕಾ ಬಾಯಿ ತೆರೆದು, ಇಸಾಲೆಯ ನೆನಪಾಗಿ ಮುಚ್ಚಿದ. ಆದರೆ ಅನ್ಸಿಲಾ ಅಜ್ಜಿ ಯಾರಿಗೂ ಇಸಾಲೆ ಕೊಟ್ಟಿರಲಿಲ್ಲ. "ಇವ್ಳೇ ಕಣಪ್ಪಾ. ಬಸ್ಸಿನವನಿಗೆ ಛತ್ರೀಲಿ ಹೊಡೆದ್ಲಲ್ಲ, ಅವ್ಳೇ."

"ಹೌದಾ?" ಲೇಮಾನ ಮುಖ ಅರಳಿತು. "ನಮ್ದು ಕಾಲುವೆ ಕೊನೇ ತೋಟ. ಮೇಲಿನವರು ನೀರು ಕದಿಯೋಕೆ ಶುರು ಮಾಡ್ತಾರೆ. ಸರದಿ ಜಗಳಕ್ಕೆ ಇಂಥಾ ಸೊಸೇನೇ ಬೇಕು! ಮಾತು ಆಯ್ತು, ಬೀಗರೇ. ಮಡಕೆ ಇಳಿಸ್ರೋ!"

ಉಪೇಂದೊ ಸೌಟು ಇಳಿಸಿ ಹುಡುಗನ ಕಡೆ ನೋಡಿದಳು. ಹುಡುಗ ಒಂದು ಹೆಜ್ಜೆ ಹಿಂದೆ ಸರಿದು ನಕ್ಕ. ಅವಳೂ ನಕ್ಕಳು. ಮಗಳ ನಗು ಕಂಡು ಸಿಫುವೇಲಿಯ ಹೊಟ್ಟೆ ನಿಜಕ್ಕೂ ತಂಪಾಯಿತು. ಬೀಗರ ಎಂಬೆಗೆ ಗುದ್ದಲಿ ಹಿಡಿದವರ ಪಾಲಾಯಿತು. ಸೋರೆಬುರುಡೆ ಸುತ್ತು ಬಂದು ಸಿಫುವೇಲಿಯ ಕೈ ಸೇರುವಾಗ ಅದರಲ್ಲಿ ಗಸಿ ಮಾತ್ರ ಇತ್ತು. ಅದೂ ಅವನಿಗೆ ಸಿಹಿಯಾಗೇ ಕಂಡಿತು. ಮದುವೆ ಗಟ್ಟಿಯಾಯಿತು, ದಾರಿಯಂತೂ ಹೋಯಿತು, ಇನ್ನೇನು ಬೇಕು ಎಂದುಕೊಂಡ.

ಅಷ್ಟರಲ್ಲಿ ಮೇಷ್ಟ್ರು ಕೈ ತೊಳೆದುಕೊಂಡು ಕಾಲುವೆಯ ಕಟ್ಟಳೆ ಹೇಳಿದರು. ಕಾಲುವೆಯ ದಂಡೆಯಲ್ಲಿ ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಜಾಗ ಬಿಡಬೇಕು. ನೀರಿನ ಹಕ್ಕಿರುವವರು ಯಾವಾಗ ಬೇಕಾದರೂ ಅಲ್ಲಿ ಓಡಾಡಬಹುದು. ಮೇಲಿನ ಊರಿಗೆಲ್ಲ ಹಕ್ಕಿದೆ. ಇವತ್ತಿನಿಂದ ಕೆಳಗಿನ ಊರಿಗೂ ಇದೆ. ಹೆಂಗಸರು ನೀರಿಗೆ ಬರುತ್ತಾರೆ, ದನ ಕುಡಿಯಲು ಬರುತ್ತವೆ, ಸಮಿತಿಯವರು ದಿನಾ ನೋಡಲು ಬರುತ್ತಾರೆ.

"ಮತ್ತೆ ಕ್ವೇಕಾನ ಅಂಗಳದ ದಾರಿ?" ಎಂದ ಸಿಫುವೇಲಿ ಕ್ಷೀಣವಾಗಿ.

"ಅದೂ ಇವತ್ತಿಂದ ತೆರೆದಿದೆ, ನೀನೇ ಪ್ರಮಾಣ ಮಾಡಿಸಿದೀಯಲ್ಲ. ಆದ್ರೆ ನೀರಿನ ದಂಡೆ ತಂಪು ಬಿಟ್ಟು ಹಂದಿಗೂಡಿನ ಪಕ್ಕ ಯಾರಪ್ಪಾ ಹೋಗ್ತಾರೆ?"

ಸಂಜೆ ಮೋಡ ಸರಿದು ಬೆಟ್ಟದ ನೆತ್ತಿಯ ಕಿಬೊ ಶಿಖರದ ಹಿಮ ಕೆಂಪಾಗಿತ್ತು. ಜನ ಚದುರಿದರು. ಸಿಫುವೇಲಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಪಾತ್ರೆಯ ತಳದಲ್ಲಿ ಹೈಕಾ ಹೇಗೋ ಉಳಿಸಿದ್ದ ಸಾರಿನ ಕಡೆ ಕೈ ಚಾಚಿದ. ಹೊಸ ದಂಡೆಯ ಮೇಲೆ ಹೆಜ್ಜೆ ಸಪ್ಪಳ ಕೇಳಿಸಿತು. ಕ್ವೇಕಾ ಬರುತ್ತಿದ್ದ. ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಲೇಮಾ. ಅಡುಗೆಮನೆಯ ಮುಂದೆ ಇಬ್ಬರೂ ನಿಂತರು. ಕ್ವೇಕಾ ಈಗ ಮಾತು ಕೊಟ್ಟವನು. ಪಾತ್ರೆ ಮುಟ್ಟಲಿಲ್ಲ, ಕೈ ಕಟ್ಟಿ ನಿಂತ. ಬಗ್ಗಿದವನು ಲೇಮಾ. ಸೌಟು ತೆಗೆದುಕೊಂಡು ಒಂದು ಗುಟುಕು ಹೀರಿ, ಚಪ್ಪರಿಸಿ, ಬಹಳ ಪ್ರೀತಿಯಿಂದ ಹೇಳಿದ.

"ಬೀಗರೇ, ಬೇಜಾರು ಮಾಡ್ಕೋಬೇಡಿ. ಉಪ್ಪು ಸ್ವಲ್ಪ ಕಮ್ಮಿ."